ಮೂರನೇ ರೀಲಿನ ಮರಿ

ಚಿತ್ರ ಐವತ್ತೆರಡು ನಿಮಿಷದ್ದು, ಮೂರು ರೀಲು. ಮಾತಿಲ್ಲ, ಸಂಗೀತ ಮಾತ್ರ. ಹಿಮ ಬೀಳುವ ಯಾವುದೋ ದೇಶದವರು ಕೈಯಲ್ಲೇ ಬೊಂಬೆಗಳನ್ನು ಬರೆದು ಓಡಿಸಿದ್ದರು. ಒಂದು ಕುರಿಮರಿ ಹಿಂಡು ತಪ್ಪಿಸಿಕೊಳ್ಳುತ್ತದೆ, ತೋಳ ಬೆನ್ನು ಹತ್ತುತ್ತದೆ, ಕೊನೆಗೆ ಮರಿ ತಾಯಿಯನ್ನು ಸೇರುತ್ತದೆ. ಇದನ್ನು ಒಂದರಿಂದ ನಾಲ್ಕನೇ ತರಗತಿಯ ಮಕ್ಕಳು ನೋಡಬಹುದೋ ಬಾರದೋ ಎಂದು ಹೇಳಲು ೧೯೮೭ರ ಆಗಸ್ಟಿನಲ್ಲಿ ಚಿತ್ರದುರ್ಗದಲ್ಲಿ ಮೂರು ಜನರ ಸಮಿತಿ ಮಾಡಿದರು.

ಅಧ್ಯಕ್ಷರು ರೇವಣಸಿದ್ದಪ್ಪನವರು. ಶಾಲಾ ಇನ್‌ಸ್ಪೆಕ್ಟರಾಗಿ ನಿವೃತ್ತರಾಗಿ ಆರು ವರ್ಷವಾಗಿತ್ತು, ಆದರೆ ಹಣೆಯ ವಿಭೂತಿಯ ಹಾಗೆ ಇನ್‌ಸ್ಪೆಕ್ಟರಗಿರಿಯನ್ನೂ ದಿನಾ ಬೆಳಿಗ್ಗೆ ಹೊಸದಾಗಿ ಹಚ್ಚಿಕೊಂಡು ಬರುತ್ತಿದ್ದರು. ಎರಡನೆಯವರು ಮಹಿಳಾ ಸಮಾಜದ ಮಹಾದೇವಮ್ಮ. ಮೂರನೆಯವಳು ಮಲ್ಲಕ್ಕ. ಇಪ್ಪತ್ತಾರು ವರ್ಷ, ಹಿರೇಗುಂಟನೂರಿನಿಂದ ಮೂರು ಮೈಲಿ ಆಚೆಯ ಒಂದು ಕುರಿಗಾರರ ಹಟ್ಟಿಯ ಶಾಲೆಗೆ ಅವಳೊಬ್ಬಳೇ ಟೀಚರ್. ಗ್ರಾಮಾಂತರ ಶಾಲೆಗಳ ಪರವಾಗಿ ಒಬ್ಬರು ಬೇಕು, ಹೆಂಗಸಾದರೆ ಒಳ್ಳೆಯದು, ಬಸ್ಸಿನಲ್ಲಿ ಬಂದು ಸಂಜೆಯೊಳಗೆ ಹೋಗುವಂಥವರಾದರೆ ಇನ್ನೂ ಒಳ್ಳೆಯದು ಎಂದು ಅವಳನ್ನು ಹಾಕಿಕೊಂಡಿದ್ದರು.

ತೀರ್ಮಾನ ಏನೇ ಆದರೂ ಉಳಿದಿಬ್ಬರಿಗೆ ಹೋಗುವುದೇನೂ ಇರಲಿಲ್ಲ. ಮಲ್ಲಕ್ಕನಿಗೆ ಇತ್ತು. ಚಿತ್ರ ಪಾಸಾದರೆ ಇಲಾಖೆಯೇ ಬಸ್ಸು ಕಳಿಸಿ ಹಳ್ಳಿ ಮಕ್ಕಳನ್ನು ದುರ್ಗದ ಟಾಕೀಸಿಗೆ ಕರೆತರುತ್ತದೆ ಎಂದು ಸುತ್ತೋಲೆ ಬಂದಿತ್ತು. ಅದನ್ನು ಅವಳು ಜೂನ್ ತಿಂಗಳಲ್ಲೇ ಮಕ್ಕಳಿಗೆ ಹೇಳಿಬಿಟ್ಟಿದ್ದಳು. ಹೇಳಬಾರದಿತ್ತು. ಅವಳ ನಲವತ್ತಮೂರು ಮಕ್ಕಳಲ್ಲಿ ಟಾಕೀಸಿನ ಒಳಗೆ ಕಾಲಿಟ್ಟವರು ಇಬ್ಬರು. ಅವರಲ್ಲೊಬ್ಬ ಅಲ್ಲಿ ನಿದ್ದೆ ಮಾಡಿ ಬಂದಿದ್ದ. ಜೂನ್‌ನಿಂದ ದಿನಾ ಪ್ರಾರ್ಥನೆ ಮುಗಿದ ಕೂಡಲೇ ಯಾರಾದರೊಬ್ಬರು "ಇವತ್ತಾ ಮೇಡಂ?" ಎಂದು ಕೇಳುತ್ತಿದ್ದರು. ಅವಳು "ಇವತ್ತಲ್ಲ" ಎಂದು ಹೇಳಿ ಮಗ್ಗಿ ಶುರು ಮಾಡಿಸುತ್ತಿದ್ದಳು.

ಸಮಿತಿ ಮೊದಲ ಸಲ ಚಿತ್ರ ನೋಡಿದ್ದು ತರಬೇತಿ ಕೇಂದ್ರದ ಹಾಲಿನಲ್ಲಿ. ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ಪ್ರೊಜೆಕ್ಟರ್ ಓಡಿಸುವವನು ಇಲಾಖೆಯ ಕಾಟಯ್ಯ. ಇಪ್ಪತ್ತು ವರ್ಷ ಹಳ್ಳಿ ಹಳ್ಳಿಗೆ ಜೀಪಿನಲ್ಲಿ ಹೋಗಿ ಮಲೇರಿಯಾ, ಗೊಬ್ಬರ, ಕುಟುಂಬ ಯೋಜನೆ ತೋರಿಸಿದವನು. ಯಾವ ಚಿತ್ರ ಹಾಕಿದರೂ ಅವನ ಮುಖ ಒಂದೇ ಥರ ಇರುತ್ತಿತ್ತು.

ರೇವಣಸಿದ್ದಪ್ಪನವರ ತೊಡೆಯ ಮೇಲೆ ಹತ್ತು ಕಲಮಿನ ನಮೂನೆ ಇತ್ತು. ಹಿಂಸೆ ಇದೆಯೇ, ಭಯ ಹುಟ್ಟಿಸುವ ದೃಶ್ಯ ಇದೆಯೇ, ನೀತಿ ಇದೆಯೇ, ಇದ್ದರೆ ಯಾವುದು. ಅವರು ಕತ್ತಲಲ್ಲಿ ಟಾರ್ಚ್ ಹಿಡಿದು ಬರೆಯುತ್ತಿದ್ದರು.

ತೋಳ ಬಂತು. "ಹಲ್ಲು ಜಾಸ್ತಿ ಆತು," ಎಂದರು ರೇವಣಸಿದ್ದಪ್ಪನವರು.

"ತೋಳಕ್ಕೆ ಅಷ್ಟೇ ಇರ್ತಾವೆ ಸಾರ್," ಎಂದಳು ಮಲ್ಲಕ್ಕ.

"ನೀವು ಎಣಿಸೀರೇನಮ್ಮ?"

ಎಣಿಸಿದ್ದಳು. ಅವಳ ಅಪ್ಪ ಪಾಲಯ್ಯ ಬಾಗೂರಿನ ಹತ್ತಿರ ಕುರಿ ಸಾಕಿದವನು. ಹೊಡೆದು ಹಾಕಿದ ತೋಳವನ್ನು ಒಮ್ಮೆ ಮನೆಯ ಮುಂದೆ ಮಲಗಿಸಿದ್ದ. ಆದರೆ ಅದನ್ನು ಅಲ್ಲಿ ಹೇಳುವ ಅಗತ್ಯ ಕಾಣಲಿಲ್ಲ.

ಮಹಾದೇವಮ್ಮನ ಆಕ್ಷೇಪಣೆ ತೋಳದ ಮೇಲಲ್ಲ, ಮರಿಯ ಮೇಲೆ. "ಹೇಳ್ದೆ ಕೇಳ್ದೆ ಮನೆ ಬಿಟ್ಟು ಹೊಂಟೈತಲ್ರಿ ಇದು. ನಮ್ಮ ಹುಡುಗ್ರು ಕಲಿಯಲ್ವಾ? ನಾಳೆ ಒಬ್ಬ ಬ್ಯಾಗ್ ತಗಂಡು ಮಾರಿಕಣಿವೆ ಡ್ಯಾಮ್ ನೋಡ್ಕಂಬತ್ತೀನಿ ಅಂತ ಹೋದ್ರೆ ಯಾರು ಹೊಣೆ?" ಎಂದರು. ಎಂದು, ತಂದಿದ್ದ ಮಂಡಕ್ಕಿ ಪೊಟ್ಟಣ ಬಿಚ್ಚಿ ಎಲ್ಲರಿಗೂ ಕೊಟ್ಟರು. ಕಾಟಯ್ಯನಿಗೂ ಹೋಯಿತು.

ಮೂರನೇ ರೀಲು ಬಂತು. ಮರಿ ಒಂದು ತೋಟದೊಳಗೆ ನುಗ್ಗುತ್ತದೆ. ಅಲ್ಲಿ ಚಿಕ್ಕ ಹುಡುಗಿಯೊಬ್ಬಳು ಬಿಳಿ ಹೂವಿನ ಹಾರ ಕಟ್ಟಿ ಅದರ ಕೊರಳಿಗೆ ಹಾಕುತ್ತಾಳೆ. ಗಿಡಕ್ಕೆ ಹಾಕುವ ನೀರಿನ ಡಬ್ಬಿ ತಂದು ಬೆನ್ನಿನ ಮೇಲೆ ನೀರು ಸುರಿಯುತ್ತಾಳೆ. ಮರಿ ಒಂದು ಕ್ಷಣ ಸುಮ್ಮನೆ ನಿಲ್ಲುತ್ತದೆ. ಆಮೇಲೆ ಕಿವಿಯಿಂದ ಬಾಲದವರೆಗೆ ಜೋರಾಗಿ ಮೈ ಒದರುತ್ತದೆ. ಹನಿಗಳು ಹಾರಿ ಬಣ್ಣ ಬಣ್ಣವಾಗಿ ಇಡೀ ಪರದೆ ತುಂಬಿಕೊಳ್ಳುತ್ತವೆ. ಹಿಂದೆ ಹುಡುಗಿಯ ತಾತ ಹುಲ್ಲು ಕೊಯ್ಯಲು ಕುಡುಗೋಲು ಮಸೆಯುತ್ತಾ ನಗುತ್ತಾನೆ.

ರೇವಣಸಿದ್ದಪ್ಪನವರು ಆವತ್ತು ನಕ್ಕದ್ದು ಅದೊಂದೇ ಸಲ. ಟಾರ್ಚ್ ಹಾಕಿ 'ಹಾಸ್ಯ ಉತ್ತಮ' ಎಂದು ಬರೆದರು.

ಮಲ್ಲಕ್ಕನ ಬಾಯಲ್ಲಿದ್ದ ಮಂಡಕ್ಕಿ ಹಾಗೇ ನಿಂತಿತು.

ಅವಳ ಕಡೆ, ಅವಳ ಹಟ್ಟಿಯ ಕಡೆ, ದೇವರಿಗೆ ಬಿಟ್ಟ ಮರಿಯನ್ನು ಕಡಿಯುವ ಮೊದಲು ಒಪ್ಪಿಗೆ ಕೇಳುತ್ತಾರೆ. ಕೊರಳಿಗೆ ಹೂವು ಹಾಕಿ ಬೆನ್ನಿನ ಮೇಲೆ ನೀರು ಹಾಕಿ ಎಲ್ಲರೂ ಕಾಯುತ್ತಾ ನಿಲ್ಲುತ್ತಾರೆ. ಮರಿ ಮೈ ಒದರಿದರೆ ಒಪ್ಪಿತು ಎಂದು. ಒದರದಿದ್ದರೆ ಕಾಯಬೇಕು. ಪಾಲಯ್ಯ ಒಂದು ಸಲ ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಕಾದಿದ್ದ. ಅಷ್ಟರಲ್ಲಿ ಬಂದ ನೆಂಟರೆಲ್ಲ ಯಾರಿಂದ ತಪ್ಪಾಗಿದೆ ಎಂದು ಒಬ್ಬರ ಮುಖ ಒಬ್ಬರು ನೋಡಲು ಶುರು ಮಾಡಿದ್ದರು. ಒದರಿತೋ, ಮುಗಿಯಿತು. ಆಮೇಲೆ ಬಿಡುವ ಹಾಗಿಲ್ಲ. ಒಪ್ಪಿಕೊಂಡ ಮರಿಯನ್ನು ಬಿಟ್ಟರೆ ಹಿಂಡಿಗೆ ರೋಗ ಬೀಳುತ್ತದೆ, ಇಲ್ಲವೇ ಮನೆಯ ಚಿಕ್ಕವರಿಗೆ ಏನಾದರೂ ಆಗುತ್ತದೆ ಎನ್ನುತ್ತಾರೆ.

ಚಿತ್ರದಲ್ಲಿ ಆ ಹುಡುಗಿ ಮರಿಗೆ ಮುತ್ತು ಕೊಟ್ಟು ಗೇಟು ತೆಗೆದು ಮನೆಗೆ ಕಳಿಸಿಬಿಡುತ್ತಾಳೆ.

ಮಲ್ಲಕ್ಕನಿಗೆ ಇದರಲ್ಲಿ ನಂಬಿಕೆ ಇತ್ತೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದಳು. ಅವಳು ಹೊಸದುರ್ಗದ ಹಾಸ್ಟೆಲಿನಲ್ಲಿದ್ದು ಓದಿದವಳು. ಆದರೂ ಗೇಟು ತೆಗೆದಾಗ ಅದನ್ನು ಮುಚ್ಚಲು ಹೋದವಳ ಹಾಗೆ ಕುರ್ಚಿಯಿಂದ ಅರ್ಧ ಎದ್ದಳು. ತನಗೇ ಹೀಗಾದರೆ ಏಳೆಂಟು ವರ್ಷದ ಮಕ್ಕಳಿಗೆ ಏನಾಗಬೇಕು ಎಂದು ಯೋಚಿಸಿದಳು. ತೋಳಕ್ಕೆ ಅವು ಹೆದರುವುದಿಲ್ಲ. ಈ ಗೇಟಿಗೆ ಹೆದರುತ್ತವೆ.

ದೀಪ ಹಾಕಿದ ಮೇಲೆ ರೇವಣಸಿದ್ದಪ್ಪನವರು ಕೇಳಿದರು. "ನಿಮ್ಮದೇನಮ್ಮ ಅಭಿಪ್ರಾಯ? ಗ್ರಾಮಾಂತರದ್ದು."

ಹೇಳಿದರೆ ಎರಡು ಆಗುತ್ತಿತ್ತು. ಒಂದು, ಪ್ರಾಣಿ ಬಲಿ ಕಾನೂನಿಗೆ ವಿರುದ್ಧ, ಅದು ತನ್ನ ಹಟ್ಟಿಯಲ್ಲಿ ನಡೆಯುತ್ತದೆ ಎಂದು ಸರ್ಕಾರಿ ಸಂಬಳ ತೆಗೆದುಕೊಳ್ಳುವ ತಾನೇ ಸರ್ಕಾರಿ ಕಾಗದದಲ್ಲಿ ಬರೆಸಿದಂತಾಗುತ್ತದೆ. ಹಟ್ಟಿಯವರು ಶಾಲೆಗೆ ಬೀಗ ಹಾಕುತ್ತಾರೆ. ಎರಡು, ಚಿತ್ರ ಫೇಲಾಗುತ್ತದೆ.

"ಚೆನ್ನಾಗೈತೆ ಸಾರ್," ಎಂದಳು.

"ಹಂಗಾದ್ರೆ ಒಂಬತ್ತನೇ ಕಲಮೊಂದು ಬಾಕಿ," ಎಂದರು ಅವರು. ಒಂಬತ್ತನೇ ಕಲಮಿನಲ್ಲಿ, ಆಯ್ದ ಕೆಲವು ಮಕ್ಕಳಿಗೆ ತೋರಿಸಿ ಅವರ ಪ್ರತಿಕ್ರಿಯೆ ದಾಖಲಿಸುವುದು ಎಂದಿತ್ತು. ಪಟ್ಟಣದ ಮಕ್ಕಳಾಗಿ ಮಹಾದೇವಮ್ಮನ ಮೊಮ್ಮಕ್ಕಳು ಸಾಕು, ಅವರು ನಿನ್ನೆಯೇ ಕಾಟಯ್ಯನನ್ನು ಮನೆಗೆ ಕರೆಸಿ ನೋಡಿದ್ದಾರೆ, ನಕ್ಕಿದ್ದಾರೆ ಎಂದು ಗೊತ್ತಾಯಿತು. ಹಳ್ಳಿ ಮಕ್ಕಳು ಏಳು ಜನ ಬೇಕು. ಮಲ್ಲಕ್ಕನೇ ಕರೆತರಬೇಕು, ಶನಿವಾರ.

ಅವಳು ಏಳು ಜನರನ್ನು ಆರಿಸುವಾಗ ದೇವರಿಗೆ ಮರಿ ಬಿಡದ ಮನೆಯವರು ಯಾರಿದ್ದಾರೆ ಎಂದು ಹಾಜರಿ ಪುಸ್ತಕ ಹಿಡಿದು ನೋಡಿದಳು. ಯಾರೂ ಇರಲಿಲ್ಲ. ಕೊನೆಗೆ ಕಡಿಮೆ ಮಾತಾಡುವವರನ್ನು ಆರಿಸಿದಳು. ಅದಕ್ಕೂ ಐದೇ ಜನ ಸಿಕ್ಕರು. ಉಳಿದ ಎರಡು ಜಾಗಕ್ಕೆ ನಾಲ್ಕನೇ ತರಗತಿಯ ಬರಗೇರಮ್ಮ ಮತ್ತು ಮೂರನೇ ತರಗತಿಯ ಮಾರಣ್ಣ ತಾವಾಗಿಯೇ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಅವಳು ಏಳು ಜನರಿಗೂ ಹೇಳಿದಳು. "ನೋಡ್ರಿ, ಅಲ್ಲಿ ಒಬ್ಬರು ದೊಡ್ಡ ಸಾರ್ ಇರ್ತಾರೆ. ಪಿಚ್ಚರ್‌ನಾಗೆ ಏನಾದ್ರೂ ಆಗ್ಲಿ, ಬಾಯಿ ಬಿಡಂಗಿಲ್ಲ."

"ನಗಬೋದಾ ಮೇಡಂ?" ಎಂದಳು ಬರಗೇರಮ್ಮ.

"ಬ್ಯಾಡ. ಸುಮ್ನೆ ಕುಂತ್ಕಳ್ರಿ."

"ಅಳಬೋದಾ?"

"ಲೇ, ಏನೂ ಮಾಡಬ್ಯಾಡ್ರಿ ಅಂದೆ."

ಮಕ್ಕಳು ಹೇಳಿದ ಹಾಗೆ ಕೇಳಿದರು. ಐವತ್ತೆರಡು ನಿಮಿಷ ಏಳು ಮಕ್ಕಳು ತೊಡೆಯ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡಿದ ಹಾಗೆ ಪರದೆ ನೋಡಿದರು. ತೋಳ ಬಂದಾಗ ಕದಲಲಿಲ್ಲ. ಮರಿ ಗುಡ್ಡದಿಂದ ಉರುಳಿದಾಗ ನಗಲಿಲ್ಲ. ಮೂರನೇ ರೀಲಿನಲ್ಲಿ ಮರಿ ಮೈ ಒದರಿದಾಗ ಏಳು ಜನರೂ ಒಟ್ಟಿಗೆ ಉಸಿರು ಎಳೆದುಕೊಂಡದ್ದು ಮಲ್ಲಕ್ಕನಿಗೆ ಕೇಳಿಸಿತು. ಗೇಟು ತೆಗೆದಾಗ ಆ ಉಸಿರು ಹೊರಗೆ ಬರಲಿಲ್ಲ.

ಚಿತ್ರ ಮುಗಿಯಿತು. ಕಾಟಯ್ಯ ಕಂಬಳಿ ಸರಿಸಿದ. ಮಕ್ಕಳು ಎದ್ದೇಳಲಿಲ್ಲ.

"ಏನಮ್ಮ ಇದು?" ಎಂದರು ರೇವಣಸಿದ್ದಪ್ಪನವರು. "ನಗಲಿಲ್ಲ, ಅಳಲಿಲ್ಲ. ನಾನು ಪ್ರತಿಕ್ರಿಯೆ ಅಂತ ಏನು ಬರೀಲಿ?"

"ಹಳ್ಳಿ ಮಕ್ಕಳು ಸಾರ್. ನಾಚಿಕೆ."

"ಮೂವತ್ತು ವರ್ಷ ಹಳ್ಳಿ ಶಾಲೆ ನೋಡಿದೀನಿ. ಇದು ನಾಚಿಕೆ ಅಲ್ಲ." ಅವರು ಮುಂದಿನ ಸಾಲಿನ ಮಾರಣ್ಣನ ಎದುರು ಬಗ್ಗಿದರು. "ಏನಪ್ಪ, ಹೆದರಿಕೆ ಆತಾ? ತೋಳಕ್ಕೆ?"

ಮಾರಣ್ಣ ಮಲ್ಲಕ್ಕನ ಮುಖ ನೋಡಿದ. ಅವಳು ತಲೆ ಅಲ್ಲಾಡಿಸಿದಳು. ಅದು ಬೇಡ ಎಂದೋ, ಹೇಳು ಎಂದೋ ಅವನಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಮಾತು ಹಿಡಿದುಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ.

"ತೋಳಕ್ಕಲ್ಲ ಸಾ," ಎಂದ. "ಆ ಹುಡುಗಿ ಸಾಯ್ತಾಳೆ."

"ಯಾವ ಹುಡುಗಿ?"

"ಹೂ ಹಾಕಿದ್ಲಲ್ಲ, ಅವಳು. ಮರಿ ಒಪ್ಪಿಕಂತು ಸಾ. ನೀರು ಹಾಕಿದ್ರು, ಒದರ್ತು. ಅಷ್ಟ್ ಜೋರಾಗಿ ಒದರಿದ್ದು ನಾನು ನೋಡೇ ಇಲ್ಲ. ತಾತ ಕುಡ್ಲುನೂ ಮಸ್ಕಂಡಿದ್ದ. ಆಮ್ಯಾಕೆ ಬಿಟ್ಟು ಕಳಿಸಿಬಿಟ್ರು. ಒಪ್ಪಿಕಂಡ ಮರೀನ ಬಿಟ್ರೆ ಮನ್ಯಾಗೆ ಸಣ್ಣೋರು ಉಳಿಯಲ್ಲ." ಅವನು ಪರದೆಯ ಕಡೆ ಕೈ ತೋರಿಸಿದ. "ಆಕೆ ಒಬ್ಬಳೇ ಸಾ ಆ ಮನೇಲಿ ಸಣ್ಣೋಳು."

ಒಂದನೇ ತರಗತಿಯ ಹುಡುಗಿ ಅಳಲು ಶುರು ಮಾಡಿದಳು. ಅವಳನ್ನು ನೋಡಿ ಇನ್ನಿಬ್ಬರು.

ರೇವಣಸಿದ್ದಪ್ಪನವರು ನೆಟ್ಟಗಾದರು. ಮಠಕ್ಕೆ ನಡೆದುಕೊಳ್ಳುವವರು ಅವರು, ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವುದಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ಮಾಡಿದವರಿಗೆ ಮಾರಣ್ಣ ಹೇಳಿದ್ದು ತಿಳಿಯಲು ಎರಡನೇ ಸಲ ಕೇಳಬೇಕಾಗಿರಲಿಲ್ಲ.

"ಇದು ನಿಮಗೆ ಗೊತ್ತಿತ್ತೇನಮ್ಮ?"

"ಗೊತ್ತಿತ್ತು ಸಾರ್."

"ಆವತ್ತು ಚೆನ್ನಾಗೈತೆ ಅಂದ್ರಿ."

"ಚೆನ್ನಾಗೇನೋ ಐತೆ ಸಾರ್."

ಅವರು ಕುರ್ಚಿಗೆ ಹೋಗಿ ಕೂತು ನಮೂನೆ ತೆಗೆದರು. ಬರೆಯುವಾಗ ಒಂದೊಂದು ಪದವನ್ನೂ ಬಾಯಲ್ಲಿ ಹೇಳಿಕೊಳ್ಳುವುದು ಅವರ ಅಭ್ಯಾಸ. "ಪಟ್ಟಣದ... ಶಾಲೆಗಳಿಗೆ... ಯೋಗ್ಯ. ಗ್ರಾಮಾಂತರ... ಶಾಲೆಗಳಿಗೆ..."

"ಸಾರ್, ಒಂದ್ನಿಮಿಷ," ಎಂದಳು ಮಲ್ಲಕ್ಕ.

"ನಿಮ್ಮ ಮೇಲೇನೂ ಬರಿಯಲ್ಲ ಬಿಡ್ರಿ. ಬಲಿಗಿಲಿ ಅಂತ ಸರ್ಕಾರಿ ಕಾಗದದಾಗೆ ನಾನೂ ಬರಿಯಂಗಿಲ್ಲ. ಮಕ್ಕಳ ಮನಸ್ಸಿಗೆ ಆಘಾತ ಅಂತ ಬರೀತೀನಿ."

"ನನ್ನ ಮೇಲೆ ಬರೀರಿ ಸಾರ್, ಚಿಂತಿಲ್ಲ. ಬಸ್ಸು ಬರದಂಗೆ ಮಾಡಬ್ಯಾಡ್ರಿ. ನಲವತ್ಮೂರು ಜನ ಜೂನಿಂದ ಕಾಯ್ಕಂಡು ಕುಂತವೆ. ಬೇಕಾದ್ರೆ ಆ ತುಂಡು ಕತ್ತರಿಸಿ ಹಾಕ್ಲಿ."

ಹಿಂದಿನಿಂದ ಕಾಟಯ್ಯ ಹೇಳಿದ. "ಕತ್ತರಿಸಂಗಿಲ್ಲಕ್ಕ. ಬೆಂಗಳೂರಿಗೆ ವಾಪಸ್ ಕೊಡೋ ರೀಲು. ಒಂದು ಅಡಿ ಕಮ್ಮಿಯಾದ್ರೂ ನನ್ನ ಕತ್ತರಿಸ್ತಾರೆ."

"ಮತ್ತೆ ಈ ಮಕ್ಕಳು ಹಿಂಗೆ ಅಳೋದು ನೋಡಿ ನಾನು ಯೋಗ್ಯ ಅಂತ ಹೆಂಗಮ್ಮ ಬರೀಲಿ?" ಎಂದರು ರೇವಣಸಿದ್ದಪ್ಪನವರು. ಕೋಪದಲ್ಲಿ ಅಲ್ಲ, ನಿಜವಾಗಿಯೇ ಕೇಳಿದರು. ಮಲ್ಲಕ್ಕನಿಗೆ ಅಳುತ್ತಿದ್ದ ಮೂವರ ಮೂಗು ಒರೆಸುವ ಕೆಲಸ ಇತ್ತು, ಅದನ್ನು ಮಾಡಿದಳು.

ಆಗ ಬರಗೇರಮ್ಮ ಎದ್ದು ನಿಂತಳು. ಅವಳು ಅತ್ತಿರಲಿಲ್ಲ. ಅಳುವವರನ್ನು ಕಂಡರೆ ಅವಳಿಗೆ ಬೇಜಾರು.

"ಅದು ಹೆಣ್ಮರಿ ಕಣ್ಲಾ," ಎಂದಳು ಮಾರಣ್ಣನಿಗೆ.

"ಅಲ್ಲ."

"ಹೆಣ್ಣೇ. ಅಷ್ಟು ದೊಡ್ಡದಾಗೈತೆ, ಗಂಡಾಗಿದ್ರೆ ಕೊಂಬು ಮೊಳಕೆ ಬಂದಿರಬೇಕಿತ್ತು. ಬಂದಿತ್ತಾ?"

ಮಾರಣ್ಣ ಯೋಚಿಸಿದ. ಬಂದಿರಲಿಲ್ಲ.

"ಹೆಣ್ಮರೀನ ಯಾರ್ಲಾ ಕಡಿತಾರೆ? ನೂರು ಸಲ ಒದರ್ಲಿ, ಅದ್ಕೇನು. ಮೈಮ್ಯಾಲೆ ನೀರು ಬಿತ್ತು, ಒದರ್ತು. ಅಷ್ಟೇಯ."

ಅಳು ನಿಂತಿತು. ಒಂದನೇ ತರಗತಿಯ ಹುಡುಗಿ ಮೂಗು ಎಳೆದುಕೊಂಡು ಬರಗೇರಮ್ಮನನ್ನು ನೋಡಿದಳು. ಮಲ್ಲಕ್ಕ ಕೈಯಲ್ಲಿದ್ದ ಸೆರಗು ಹಾಗೇ ಹಿಡಿದು ರೇವಣಸಿದ್ದಪ್ಪನವರ ಕಡೆ ತಿರುಗಿದಳು. ಬರಗೇರಮ್ಮ ಹೇಳಿದ್ದು ಸರಿ. ದೇವರಿಗೆ ಬಿಡುವುದು ಗಂಡನ್ನೇ. ಹೆಣ್ಣು ಮರಿ ಒದರಿದರೆ ಅದಕ್ಕೆ ಅರ್ಥವೇ ಇಲ್ಲ. ಇಷ್ಟು ದಿನ ತನಗೆ ಹೊಳೆಯದೇ ಹೋಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಆದ್ರೆ ಹೆಣ್ಣು ಅಂತ ಗ್ಯಾರಂಟಿ ಏನು?" ಎಂದ ಮಾರಣ್ಣ.

"ಗುಡ್ಡದಿಂದ ಉರುಳ್ತಲ್ಲ, ಹೊಟ್ಟೆ ಮ್ಯಾಕಾದಾಗ ನೋಡಿದ್ನಿ. ಏನೂ ಇರ್ಲಿಲ್ಲ."

"ಬಿರಬಿರನೆ ಉರುಳ್ತು. ನಿಂಗೆಂಗೆ ಕಾಣ್ತು?"

ಮಲ್ಲಕ್ಕ ಹೇಳಿದಳು. "ಸಾರ್, ಎರಡನೇ ರೀಲು ಇನ್ನೊಂದು ಸಲ ಹಾಕಿಸ್ರಿ."

"ಏನಕ್ಕೆ?"

"ನೋಡೋಕೆ ಸಾರ್."

ರೇವಣಸಿದ್ದಪ್ಪನವರು ಅವಳನ್ನು ದಿಟ್ಟಿಸಿ ನೋಡಿದರು. ಆಮೇಲೆ ಮಹಾದೇವಮ್ಮನನ್ನು ನೋಡಿದರು. ಮಹಾದೇವಮ್ಮ ಕಿಟಕಿಯ ಕಡೆ ನೋಡಿದರು. "ಹಾಕಪ್ಪ ಕಾಟಯ್ಯ," ಎಂದರು ರೇವಣಸಿದ್ದಪ್ಪನವರು ಕೊನೆಗೆ.

ಕಂಬಳಿ ಮತ್ತೆ ಇಳಿಯಿತು. ಮರಿ ಗುಡ್ಡದಿಂದ ಉರುಳಿತು. ಹೊಟ್ಟೆ, ಬೆನ್ನು, ಹೊಟ್ಟೆ, ಬೆನ್ನು.

"ನಿಲ್ಸು," ಎಂದರು ರೇವಣಸಿದ್ದಪ್ಪನವರು.

"ನಿಲ್ಸಂಗಿಲ್ಲ ಸಾರ್. ನಿಂತ್ರೆ ಬಲ್ಬಿನ ಕಾವಿಗೆ ಮರಿ ಸುಟ್ಟೋಗ್ತೈತೆ."

"ಹಿಂದಕ್ಕೆ ಸುತ್ತಿ ಇನ್ನೊಂದ್ಸಲ ಬಿಡು."

ಮರಿ ಮೂರು ಸಲ ಉರುಳಿತು. ಮೂರನೇ ಸಲಕ್ಕೆ ರೇವಣಸಿದ್ದಪ್ಪನವರು ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರಕ್ಕೇ ಹೋಗಿ ನಿಂತರು. ಅವರ ತಲೆಯ ನೆರಳು ಗುಡ್ಡದ ಮೇಲೆ ಬಿತ್ತು. ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತರು.

"ಏನೂ ಇಲ್ಲ," ಎಂದರು ಅವರು ತಿರುಗದೆ.

"ಬೊಂಬೆಗೆ ಅದೆಲ್ಲ ಎಲ್ಲಿ ಬರೀತಾರ್ರಿ," ಎಂದರು ಮಹಾದೇವಮ್ಮ. "ಮಕ್ಕಳ ಪಿಚ್ಚರು."

"ತೋಳಕ್ಕೂ ಬರೆದಿಲ್ಲ," ಎಂದ ಕಾಟಯ್ಯ. ಅವನಿಗೆ ಆ ಚಿತ್ರ ಬಾಯಿಪಾಠವಾಗಿತ್ತು.

ಮಾರಣ್ಣ ಅದನ್ನು ಹಿಡಿದುಕೊಂಡ. "ನೋಡಿದ್ಯಾ? ತೋಳಕ್ಕೂ ಇಲ್ಲವಂತೆ. ಹಂಗಾದ್ರೆ ತೋಳಾನೂ ಹೆಣ್ಣೇನೇ?"

"ಆಗ್ಲಿ ಬಿಡು," ಎಂದಳು ಬರಗೇರಮ್ಮ. "ತೋಳಾನ ಯಾರು ದೇವ್ರಿಗೆ ಬಿಡ್ತಾರೆ?"

ಮಾರಣ್ಣ "ಹಂಗಾದ್ರೆ ಆ ಹುಡುಗಿಗೆ ಏನೂ ಆಗಲ್ಲ," ಎಂದ. ಎಂದು, ಮೂರನೇ ರೀಲು ಇನ್ನೊಂದು ಸಲ ಹಾಕುತ್ತಾರಾ ಎಂದು ಕೇಳಿದ. ಹಾಕಿದರು. ಮರಿ ಮೈ ಒದರಿದಾಗ ಏಳು ಮಕ್ಕಳೂ ನಕ್ಕರು. ಮಾರಣ್ಣ ಎಷ್ಟು ನಕ್ಕನೆಂದರೆ ಬೆಂಚಿನಿಂದ ಕೆಳಗೆ ಬಿದ್ದ.

ರೇವಣಸಿದ್ದಪ್ಪನವರು ಮತ್ತೆ ನಮೂನೆ ಮುಂದಿಟ್ಟುಕೊಂಡರು. ಮೊದಲು ಬರೆದಿದ್ದ ಸಾಲಿನ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದರು. 'ಎಲ್ಲ ಶಾಲೆಗಳಿಗೂ ಯೋಗ್ಯ' ಎಂದು ಬರೆದರು. ಹತ್ತನೇ ಕಲಮು, ವಿಶೇಷ ಸೂಚನೆ. ಅಲ್ಲಿ ಪೆನ್ನು ನಿಂತಿತು.

"ಬೇರೆ ಹಟ್ಟಿ ಮಕ್ಕಳಿಗೆ ಯಾರು ಹೇಳ್ತಾರೆ ಸಾರ್?" ಎಂದಳು ಮಲ್ಲಕ್ಕ. "ಹಿರಿಯೂರು ಕಡೆಯಿಂದಲೂ ಬರ್ತಾವೆ. ಎಲ್ಲಾ ಕಡೆ ಬರಗೇರಮ್ಮ ಇರಲ್ಲ."

ಅವರು ಬರೆದರು. ಬರೆಯುವಾಗ ಈ ಸಲ ಬಾಯಿ ಬಿಚ್ಚಲಿಲ್ಲ. ಬರೆದು ಮುಗಿಸಿ ಕಾಗದವನ್ನು ಅವಳ ಮುಂದೆ ತಳ್ಳಿದರು. ಮಲ್ಲಕ್ಕ ಓದಿ ಸಹಿ ಹಾಕಿದಳು. ಮಹಾದೇವಮ್ಮ ಓದದೆ ಸಹಿ ಹಾಕಿದರು.

ಹದಿನೈದು ದಿನಕ್ಕೆ ಜಿಲ್ಲೆಯ ಎಲ್ಲ ಶಾಲೆಗಳಿಗೂ ಸುತ್ತೋಲೆ ಹೋಯಿತು. ಅದರ ನಾಲ್ಕನೇ ಸಾಲಿನಲ್ಲಿ ಹೀಗಿತ್ತು: 'ಪ್ರದರ್ಶನ ಆರಂಭವಾಗುವ ಮುನ್ನ ಚಿತ್ರದಲ್ಲಿನ ಕುರಿಮರಿಯು ಹೆಣ್ಣು ಎಂಬುದನ್ನು ಮಕ್ಕಳಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ಸಂಬಂಧಪಟ್ಟ ಮುಖ್ಯೋಪಾಧ್ಯಾಯರೇ ಹೊಣೆ.' ಕಾರಣ ಕೊಟ್ಟಿರಲಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಒಬ್ಬ ಮುಖ್ಯೋಪಾಧ್ಯಾಯರು, ತೋಳದ ಬಗ್ಗೆಯೂ ಹೀಗೆ ತಿಳಿಸಬೇಕಾದುದೇನಾದರೂ ಇದೆಯೇ ಎಂದು ಸ್ಪಷ್ಟೀಕರಣ ಕೇಳಿ ಪತ್ರ ಬರೆದರು. ಹಿರಿಯೂರಿನ ಒಂದು ಶಾಲೆಯವರು ಇದು ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಹೊಸ ಯೋಜನೆ ಇರಬೇಕೆಂದು ಪ್ರಬಂಧ ಸ್ಪರ್ಧೆ ಇಟ್ಟರು.

ಬಸ್ಸು ಸೆಪ್ಟೆಂಬರಿನ ಒಂದು ಶುಕ್ರವಾರ ಹಟ್ಟಿಗೆ ಬಂತು. ನಲವತ್ತಮೂರು ಮಕ್ಕಳೂ ಹತ್ತಿದರು. ಜ್ವರ ಬಂದಿದ್ದ ಇಬ್ಬರು ಜ್ವರ ಇಲ್ಲ ಎಂದು ಹೇಳಿ ಹತ್ತಿದರು. ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಊರಿನ ಕಡೆಯಿಂದ ಒಬ್ಬರು ದೊಡ್ಡವರು ಬರಬೇಕೆಂದು ನಿಯಮ ಇತ್ತು. ಮಾರಣ್ಣನ ಅಜ್ಜಿ ಕಾಳಕ್ಕ ಬಂದಳು. ಎಪ್ಪತ್ತರ ಹತ್ತಿರದವಳು. ಮದುವೆಯಾದಾಗಿನಿಂದ ಕುರಿಯ ಹಿಂದೆಯೇ ನಡೆದವಳು. ಅವಳಿಗೂ ಅದು ಮೊದಲ ಟಾಕೀಸು.

ಟಾಕೀಸಿನಲ್ಲಿ ಆರುನೂರು ಮಕ್ಕಳಿದ್ದರು. ದುರ್ಗದ ಒಂದು ಶಾಲೆಯ ಹೆಡ್‌ಮಿಸ್ಟ್ರೆಸ್ ಮೈಕಿನ ಮುಂದೆ ನಿಂತು ಸುತ್ತೋಲೆ ನೋಡಿಕೊಂಡು, "ಮಕ್ಕಳೇ, ಈ ಚಿತ್ರದ ಕುರಿಮರಿ ಹೆಣ್ಣು. ಎಲ್ಲರಿಗೂ ಗೊತ್ತಾಯಿತಾ?" ಎಂದರು. ಪೇಟೆಯ ಮಕ್ಕಳು ಗೊತ್ತಾಯಿತು ಎಂದು ರಾಗವಾಗಿ ಕೂಗಿದರು. ಹಳ್ಳಿಯ ಸಾಲುಗಳಲ್ಲಿ ಕೆಲವರು ಸುಮ್ಮನೆ ತಲೆದೂಗಿದರು. ಯಾಕೆ ಹೇಳುತ್ತಿದ್ದಾರೆ ಎಂದು ಅವರಿಗೂ ಇನ್ನೂ ಗೊತ್ತಿರಲಿಲ್ಲ.

ತೋಳ ಬಂದಾಗ ಪೇಟೆಯ ಕಡೆಯಿಂದ ಅಳು ಕೇಳಿಸಿತು. ಮಲ್ಲಕ್ಕನ ಮಕ್ಕಳು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ನಾಯಿ ಎಲ್ಲಿ ಸತ್ತುಹೋಯಿತು ಎಂದು ಪರದೆಯ ಮೇಲಿನ ಕುರಿ ಕಾಯುವವನನ್ನು ಬಯ್ದರು. ಮೂರನೇ ರೀಲು ಬಂತು. ಹೂವಿನ ಹಾರ, ನೀರು. ಮರಿ ಮೈ ಒದರಿತು. ಇಡೀ ಟಾಕೀಸು ನಕ್ಕಿತು. ಅವಳ ಸಾಲಿನವರೂ ನಕ್ಕರು.

ಕಾಳಕ್ಕ ನಗಲಿಲ್ಲ. ಮುಂದಕ್ಕೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ದನಿ ಅಡವಿಯಲ್ಲಿ ಹಿಂಡು ಕೂಗಿ ಬೆಳೆದ ದನಿ.

"ಅದ್ಯಾವಳು ಹೆಣ್ಣು ಅಂದಿದ್ದು? ನನ್ನ ಕಣ್ಣಾಗೇನು ಮಣ್ಣು ಬಿದ್ದೈತಾ? ನಡಿಗೆ ನೋಡು, ಎದೆ ಅಗಲ ನೋಡು. ಗಂಡೇ ಅದು. ಕೊಂಬು ತಡವಾಗಿ ಬರೋ ತಳಿ."

ನಗು ಆ ಸಾಲಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲುತ್ತಾ ಹೋಯಿತು. ಹಿಂದಿನ ಸಾಲಿನಲ್ಲಿ ಹೊಸದುರ್ಗ ಕಡೆಯ ಇನ್ನೊಂದು ಹಟ್ಟಿಯ ಮಕ್ಕಳಿದ್ದರು, ಅವರದೂ ನಿಂತಿತು. ಪರದೆಯ ಮೇಲೆ ಹುಡುಗಿ ಗೇಟಿನ ಕಡೆ ಹೋಗುತ್ತಿದ್ದಳು. ನಲವತ್ತಮೂರು ಮಕ್ಕಳು ಚಿತ್ರ ಬಿಟ್ಟು ಮಲ್ಲಕ್ಕನ ಕಡೆ ತಿರುಗಿದರು. ಬರಗೇರಮ್ಮ ಬಾಯಿ ತೆರೆದಳು, ಆದರೆ ಕಾಳಕ್ಕನ ಎದುರು ಕುರಿಯ ವಿಷಯ ಮಾತಾಡುವ ಧೈರ್ಯ ಹಟ್ಟಿಯಲ್ಲಿ ಗಂಡಸರಿಗೂ ಇರಲಿಲ್ಲ. ಮುಚ್ಚಿದಳು.

"ಹೆಣ್ಣೇ ಅಜ್ಜಿ," ಎಂದಳು ಮಲ್ಲಕ್ಕ. "ಸರ್ಕಾರದೋರು ಆರ್ಡರ್ ಮಾಡಿದಾರೆ. ಕಾಗದ ಬಂದೈತೆ."

"ಮರಿ ಹೆಣ್ಣು ಅಂತಲಾ?"

"ಹೂಂ. ಸಹಿ, ಸೀಲು, ಎಲ್ಲಾ ಐತೆ."

ಕಾಳಕ್ಕ ಇದನ್ನು ಯೋಚಿಸಿದಳು. "ಸರ್ಕಾರದ್ದಾ ಈ ಮರಿ?"

ಮಲ್ಲಕ್ಕ ಲೆಕ್ಕ ಹಾಕಿದಳು. ರೀಲು ಇಲಾಖೆಯದು. ಬಸ್ಸೂ ಇಲಾಖೆಯದು.

"ಸರ್ಕಾರದ್ದು," ಎಂದಳು.

"ಅಂಗನ್ನು ಮತ್ತೆ," ಎಂದು ಕಾಳಕ್ಕ ಹಿಂದಕ್ಕೆ ಒರಗಿ ಕೂತಳು. "ಏನಾದ್ರೂ ಆದ್ರೆ ಅವ್ರ ಮನೆಗೇ ಆಗ್ತೈತೆ. ನಮ್ಮದೇನು ಹೋಯ್ತು. ನೋಡ್ರಲೇ, ನೋಡ್ರಿ."

ಮಕ್ಕಳು ಪರದೆಯ ಕಡೆ ತಿರುಗಿದರು. ಗೇಟು ಅಷ್ಟರಲ್ಲಿ ತೆರೆದಾಗಿತ್ತು.